ಮನೆಯಲ್ಲೇ ವಿಜ್ಞಾನ ಪ್ರಯೋಗ: ಕುತೂಹಲದ ಜತೆ ಎಚ್ಚರವೂ ಇರಲಿ

ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದರೆ ಅದು ಕೆಂಪಾಗುತ್ತದೆ. ಆರತಿಯ ಓಕುಳಿ ಸಿದ್ಧವಾಗುವುದು ಹೀಗೆ. ಅರಿಶಿನದಲ್ಲಿರುವ ಕರ್ಕ್ಯುಮಿನ್ ಕ್ಷಾರದ ಸಂಪರ್ಕದಲ್ಲಿ ಬಣ್ಣ ಬದಲಿಸುತ್ತದೆ. ನಿಂಬೆರಸ ಹಿಂಡಿದರೆ ನೀರು ಮತ್ತೆ ಹಳದಿಯಾಗುತ್ತದೆ. ಇಂಥ ಪಾಠಕ್ಕೆ ಪ್ರಯೋಗಾಲಯ ಬೇಕಿಲ್ಲ. ಆದರೆ ಅದೇ ಸುಣ್ಣ ಕಣ್ಣಿಗೆ ಸಿಡಿದರೆ ದೃಷ್ಟಿಯನ್ನೇ ಕಸಿಯಬಲ್ಲದು. ಸುಣ್ಣದ ಪೊಟ್ಟಣ ಹಿಚುಕಿ ಮಕ್ಕಳ ಕಣ್ಣು ಸುಟ್ಟ ಪ್ರಕರಣಗಳನ್ನು ಭಾರತದ ನೇತ್ರತಜ್ಞರು ದಾಖಲಿಸಿದ್ದಾರೆ. ನಿತ್ಯ ಬಳಕೆಯ ವಸ್ತು ಎಂಬ ಒಂದೇ ಕಾರಣಕ್ಕೆ ಯಾವುದೂ ನಿರಪಾಯಕಾರಿಯಲ್ಲ.

ಬೆರೆಸಬಾರದ ಜೋಡಿಗಳು

ಮನೆಯ ಪ್ರಯೋಗಗಳಲ್ಲಿ ಅತಿ ದೊಡ್ಡ ಅಪಾಯವಿರುವುದು ಸ್ನಾನಗೃಹದ ಕಪಾಟಿನಲ್ಲಿ. ಶೌಚಾಲಯ ತೊಳೆಯುವ ದ್ರಾವಣಗಳಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ. ಅದಕ್ಕೆ ಬ್ಲೀಚಿಂಗ್ ಪುಡಿ ಅಥವಾ ಬ್ಲೀಚ್ ದ್ರಾವಣ ಸೇರಿದರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಮೊದಲ ಮಹಾಯುದ್ಧದಲ್ಲಿ, 1915ರ ಏಪ್ರಿಲ್ 22ರಂದು, ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಅಸ್ತ್ರವಾಗಿ ಬಳಸಿದ್ದು ಇದೇ ಅನಿಲವನ್ನು. ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರವಾದ ಕ್ಲೋರಿನ್ ನೆಲದ ಮಟ್ಟದಲ್ಲೇ ಹರಡುವುದರಿಂದ ಪುಟ್ಟ ಮಕ್ಕಳಿಗೆ ಹೆಚ್ಚು ಅಪಾಯ. ಬ್ಲೀಚ್‌ಗೆ ಅಮೋನಿಯಾ ಬೆರೆತರೂ ವಿಷಾನಿಲ ಹುಟ್ಟುತ್ತದೆ. ಶುಚಿಕಾರಕಗಳನ್ನು ಪ್ರಯೋಗಕ್ಕೆ ಬಳಸದಿರುವುದೇ ಕ್ಷೇಮ.

ಮುಚ್ಚಿದ ಬಾಟಲಿ

ಅಡುಗೆ ಸೋಡಾ ಮತ್ತು ವಿನೆಗರ್ ಸೇರಿದಾಗ ಇಂಗಾಲದ ಡೈ ಆಕ್ಸೈಡ್ ಉಕ್ಕುತ್ತದೆ. ತೆರೆದ ಲೋಟದಲ್ಲಿ ಅದು ಮಕ್ಕಳ ಮೆಚ್ಚಿನ ‘ಜ್ವಾಲಾಮುಖಿ’. ಬಿರಟೆ ಬಿಗಿದ ಬಾಟಲಿಯಲ್ಲಿ ಅದೇ ಅನಿಲ ಒತ್ತಡ ಹೆಚ್ಚಿಸಿ ಬಾಟಲಿಯನ್ನು ಸಿಡಿಸುತ್ತದೆ. ಮೈನಸ್ 78.5 ಡಿಗ್ರಿ ಸೆಲ್ಸಿಯಸ್‌ನ ಡ್ರೈ ಐಸ್‌ಗೂ ಇದೇ ಮಾತು ಅನ್ವಯಿಸುತ್ತದೆ. ಅದನ್ನು ಬರಿಗೈಯಲ್ಲಿ ಮುಟ್ಟಬಾರದು, ಗಾಳಿಯಾಡದ ಕೋಣೆಯಲ್ಲಿ ಬಳಸಬಾರದು. ಅನಿಲ ಹೊಮ್ಮುವ ಯಾವ ಪ್ರಯೋಗಕ್ಕೂ ಮುಚ್ಚಳ ಸಲ್ಲದು.

ವಿದ್ಯುತ್ ಮತ್ತು ಬೆಂಕಿ

ಗೋಡೆಯ ಪ್ಲಗ್‌ನಲ್ಲಿ ಹರಿಯುವ 230 ವೋಲ್ಟ್ ಪ್ರಯೋಗಕ್ಕಲ್ಲ. ಶಾಲಾ ಮಟ್ಟದ ಬಹುತೇಕ ಪ್ರಯೋಗಗಳಿಗೆ 1.5 ವೋಲ್ಟ್‌ನ ಸೆಲ್ ಅಥವಾ 9 ವೋಲ್ಟ್ ಬ್ಯಾಟರಿ ಸಾಕು. ಆಗಲೂ ನೀರಿನ ವಿಭಜನೆಗೆ ಅಡುಗೆ ಉಪ್ಪು ಹಾಕಿದರೆ ಕ್ಲೋರಿನ್ ಬಿಡುಗಡೆಯಾಗುತ್ತದೆ. ಬದಲಿಗೆ ಅಡುಗೆ ಸೋಡಾ ಬಳಸಬೇಕು. ಹಳೆಯ ಮೈಕ್ರೋವೇವ್ ಓವನ್ ಬಿಚ್ಚುವ ಸಾಹಸವಂತೂ ಬೇಡವೇ ಬೇಡ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುದಾವೇಶ ಉಳಿದಿರಬಹುದು.

ಸ್ಪಿರಿಟ್ ಹಾಗೂ ಸ್ಯಾನಿಟೈಸರ್‌ನ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣದಷ್ಟು ತೆಳು. ಆರಿತೆಂದು ಭಾವಿಸಿ ಮತ್ತೆ ಸುರಿದರೆ ಬೆಂಕಿ ಬಾಟಲಿಯವರೆಗೂ ಏರಬಹುದು.

ಮೊದಲ ಸಿದ್ಧತೆ

ನೈಟ್ರೋಜನ್ ಟ್ರೈಕ್ಲೋರೈಡನ್ನು ಕಂಡುಹಿಡಿದ ಫ್ರಾನ್ಸ್‌ನ ವಿಜ್ಞಾನಿ ಡ್ಯುಲಾಂಗ್, ಅದರ ಸ್ಫೋಟದಲ್ಲಿ ಒಂದು ಕಣ್ಣು ಹಾಗೂ ಎರಡು ಬೆರಳುಗಳನ್ನು ಕಳೆದುಕೊಂಡರು. 1812ರಲ್ಲಿ ಬ್ರಿಟನ್‌ನ ಹಂಫ್ರಿ ಡೇವಿ ಅವರ ಕಣ್ಣಿಗೂ ಅದೇ ವಸ್ತುವಿನಿಂದ ಗಾಯವಾಯಿತು. ನುರಿತವರಿಗೇ ಹೀಗಾದರೆ ಮಕ್ಕಳ ಪಾಡೇನು? ಸುರಕ್ಷಾ ಕನ್ನಡಕ, ಹತ್ತಿಯ ಉಡುಪು, ಕಟ್ಟಿದ ಕೂದಲು, ತೆರೆದ ಕಿಟಕಿ, ಪಕ್ಕದಲ್ಲಿ ಒಂದು ಬಕೆಟ್ ನೀರು ಮತ್ತು ಹಿರಿಯರೊಬ್ಬರು: ಇವಿಷ್ಟೂ ಇದ್ದ ಮೇಲೆಯೇ ಪ್ರಯೋಗ ಆರಂಭವಾಗಬೇಕು. ಪ್ರಯೋಗಕ್ಕೆ ಬಳಸಿದ ಪಾತ್ರೆಯನ್ನು ಅಡುಗೆಗೆ ಬಳಸಬಾರದು. ರಾಸಾಯನಿಕಗಳನ್ನು ತಂಪು ಪಾನೀಯದ ಬಾಟಲಿಯಲ್ಲಿ ತುಂಬಿಡಬಾರದು. ಯಾರಾದರೂ ಪಾನೀಯವೆಂದು ಕುಡಿದುಬಿಡಬಹುದು.

ಅವಘಡವಾದರೆ

* ಕಣ್ಣಿಗೆ ರಾಸಾಯನಿಕ ಬಿದ್ದರೆ ಉಜ್ಜದೆ, ರೆಪ್ಪೆ ತೆರೆದು ಕನಿಷ್ಠ 20 ನಿಮಿಷ ಶುದ್ಧ ನೀರಿನಲ್ಲಿ ತೊಳೆಯಬೇಕು. ತಡಮಾಡದೆ ನೇತ್ರ ವೈದ್ಯರನ್ನು ಕಾಣಬೇಕು.
* ಸುಟ್ಟ ಗಾಯಕ್ಕೆ 20 ನಿಮಿಷ ಹರಿಯುವ ನೀರು ಬಿಡಬೇಕು. ಟೂತ್‌ಪೇಸ್ಟ್, ಶಾಯಿ, ಬೆಣ್ಣೆ ಹಚ್ಚಬಾರದು.
* ರಾಸಾಯನಿಕ ನುಂಗಿದವರಿಗೆ ವಾಂತಿ ಮಾಡಿಸಬಾರದು. ಆಸ್ಪತ್ರೆಗೆ ಹೋಗುವಾಗ ಅದರ ಬಾಟಲಿಯನ್ನೂ ಒಯ್ಯಬೇಕು.
* ವಿಷಾನಿಲದ ಘಾಟು ಬಂದರೆ ಎಲ್ಲರೂ ತಕ್ಷಣ ಹೊರಗೆ, ತೆರೆದ ಗಾಳಿಗೆ ಬರಬೇಕು.
* ತುರ್ತು ನೆರವಿಗೆ 112, ಆಂಬುಲೆನ್ಸ್‌ಗೆ 108 ಸಂಖ್ಯೆಗೆ ಕರೆ ಮಾಡಬೇಕು.

ಭಯಪಟ್ಟು ಮಕ್ಕಳಿಗೆ ಪ್ರಯೋಗಗಳನ್ನೇ ನಿಷೇಧಿಸುವುದು ಪರಿಹಾರವಲ್ಲ. ಹಿರಿಯರ ಕಣ್ತಪ್ಪಿಸಿ ಮಾಡುವ ಪ್ರಯೋಗವೇ ಹೆಚ್ಚು ಅಪಾಯಕಾರಿ. ‘ಇದಕ್ಕೆ ಅದನ್ನು ಸೇರಿಸಿದರೆ ಏನಾಗುತ್ತದೆ?’ ಎಂದು ಮಗು ಕೇಳಿದಾಗ ಉತ್ತರವನ್ನು ಮೊದಲು ಪುಸ್ತಕದಲ್ಲಿ ಹುಡುಕಿ, ಆಮೇಲೆ ಲೋಟದಲ್ಲಿ ನೋಡುವ ಅಭ್ಯಾಸ ಬೆಳೆಸಬೇಕು. ವಿಜ್ಞಾನ ಕಲಿಕೆಯ ಮೊದಲ ಪಾಠವೂ ಅದೇ.