ಐವತ್ತು ಸೀಟಿನ ಜೆಟ್ ವಿಮಾನದ ಕಥೆ

ರಜೆಯಲ್ಲಿ ಊರಿಗೆ ಹೋಗುವಾಗ ನಮ್ಮಲ್ಲಿ ಹಲವರು ಮೊದಲು ಹತ್ತುವುದು ದೊಡ್ಡ ವಿಮಾನವನ್ನಲ್ಲ. ಹತ್ತಿರದ ಏರ್‌ಪೋರ್ಟಿನಿಂದ ಷಿಕಾಗೋಗೋ ನ್ಯೂಯಾರ್ಕಿಗೋ ಒಂದು ಪುಟ್ಟ ಜೆಟ್. ಎತ್ತರದವರು ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಹೊರಗೆ ಯುನೈಟೆಡ್, ಡೆಲ್ಟಾ ಎಂದು ಬರೆದಿದ್ದರೂ ಅದನ್ನು ಓಡಿಸುವುದು ಹೆಚ್ಚಾಗಿ ಬೇರೆ ಒಂದು ಪ್ರಾದೇಶಿಕ ಕಂಪನಿ. ಆ ಕಂಪನಿಗಳು ವಿಮಾನವನ್ನು ಹೇಗೆ ಆರಿಸುತ್ತವೆ ಎಂಬುದಕ್ಕೂ ಒಂದು ಇತಿಹಾಸವಿದೆ.

ಮೊದಲು ಸಣ್ಣ ಊರುಗಳಿಗೆ ಹೆಚ್ಚಾಗಿ ಪ್ರೊಪೆಲ್ಲರ್ ವಿಮಾನಗಳೇ ಹೋಗುತ್ತಿದ್ದವು. ಇಂಧನ ಕಡಿಮೆ ಸಾಕು, ಆದರೆ ಸದ್ದು ಜಾಸ್ತಿ, ವೇಗ ಕಡಿಮೆ. ಕೆನಡಾದ ಬೊಂಬಾರ್ಡಿಯರ್ ಕಂಪನಿ ಚಾಲೆಂಜರ್ ಎಂಬ ಬಿಸಿನೆಸ್ ಜೆಟ್ಟನ್ನೇ ಉದ್ದ ಮಾಡಿ 50 ಸೀಟಿನ ಸಿಆರ್‌ಜೆ ತಯಾರಿಸಿತು. 1992ರಲ್ಲಿ ಜರ್ಮನಿಯ ಲುಫ್ತಾನ್ಸಾ ಸಿಟಿಲೈನ್, 1993ರಲ್ಲಿ ಸಿನ್ಸಿನಾಟಿಯ ಕೊಮೇರ್ ಅದನ್ನು ಹಾರಿಸತೊಡಗಿದವು. ಬ್ರೆಜಿಲ್‌ನ ಎಂಬ್ರೇಯರ್ ಸುಮ್ಮನೆ ಕೂರಲಿಲ್ಲ. 1994ರ ಕೊನೆಯಲ್ಲಷ್ಟೇ ಸರ್ಕಾರದ ಕೈಯಿಂದ ಖಾಸಗಿಯವರ ಕೈಗೆ ಬಂದಿದ್ದ ಅದು, ಇಆರ್‌ಜೆ 145 ಎಂಬ ಜೆಟ್ ತಂದಿತು. 1996ರಲ್ಲಿ ಕಾಂಟಿನೆಂಟಲ್ ಎಕ್ಸ್‌ಪ್ರೆಸ್ 25 ವಿಮಾನಗಳಿಗೆ ಆರ್ಡರ್ ಕೊಟ್ಟು, ಇನ್ನೂ 175 ಕೊಳ್ಳುವ ಹಕ್ಕನ್ನೂ ಕಾದಿರಿಸಿತು.

ಇದಕ್ಕೂ 50 ಸೀಟು! ಯಾಕೆ? ಅಮೆರಿಕದ ನಿಯಮದಲ್ಲಿ 50 ಸೀಟಿಗೆ ಒಬ್ಬ ಗಗನಸಖಿ ಸಾಕು, 51 ಆದರೆ ಇಬ್ಬರು ಬೇಕು. ಅದಕ್ಕಿಂತ ದೊಡ್ಡ ಕಾರಣ ಸ್ಕೋಪ್ ಕ್ಲಾಸ್. ತಮ್ಮ ಕೆಲಸ ಕಡಿಮೆ ಸಂಬಳದ ಸಣ್ಣ ಕಂಪನಿಗೆ ಹೋಗುತ್ತದೆಂದು ದೊಡ್ಡ ಕಂಪನಿಯ ಪೈಲಟ್‌ಗಳಿಗೆ ಭಯ. ಆ ಭಯ ನ್ಯಾಯವಾದದ್ದೇ ಎಂದು ನನಗನಿಸುತ್ತದೆ. ಅದಕ್ಕಾಗಿ ಸಣ್ಣ ವಿಮಾನ ಎಷ್ಟು ದೊಡ್ಡದಿರಬಹುದು, ಎಷ್ಟು ಇರಬಹುದು ಎಂಬುದನ್ನು ಅವರು ತಮ್ಮ ಒಪ್ಪಂದದಲ್ಲೇ ಬರೆಸಿದರು. ಒಪ್ಪಂದಕ್ಕೆ ಹೊಂದಲೆಂದೇ ಎಂಬ್ರೇಯರ್ 44 ಸೀಟಿನ ಇಆರ್‌ಜೆ 140 ಕೂಡ ಮಾಡಿತು!

ಇನ್ನು ಖರ್ಚಿನ ಲೆಕ್ಕ. ಇವು ನಾನೇ ಕಲ್ಪಿಸಿದ ಅಂಕಿಗಳು, ಅರ್ಥವಾಗಲಿ ಎಂದು. 50 ಸೀಟಿನ ವಿಮಾನದ ಒಂದು ಟ್ರಿಪ್‌ಗೆ 5000 ಡಾಲರ್ ಖರ್ಚು, 76 ಸೀಟಿನದಕ್ಕೆ 6080 ಅಂದುಕೊಳ್ಳಿ. ಎರಡಕ್ಕೂ ಪೈಲಟ್‌ಗಳು ಇಬ್ಬರೇ ತಾನೆ? ಸೀಟು ತುಂಬಿದರೆ ತಲೆಗೆ 100 ಡಾಲರ್, 80 ಡಾಲರ್. ದೊಡ್ಡದೇ ಅಗ್ಗ. ಆದರೆ ಆ ಊರಿನಿಂದ ಬರುವವರು 40 ಜನ ಮಾತ್ರ ಆದರೆ? ಆಗ 125 ಮತ್ತು 152. ಚಿಕ್ಕದೇ ಅಗ್ಗ. ಹಳ್ಳಿ ರೂಟಿಗೆ ಮಿನಿಬಸ್ಸೋ ದೊಡ್ಡ ಬಸ್ಸೋ ಎಂಬ ಪ್ರಶ್ನೆಯೇ ಇದು.

2008ರಲ್ಲಿ ಕಚ್ಚಾ ತೈಲದ ಬೆಲೆ ಬ್ಯಾರೆಲ್‌ಗೆ 140 ಡಾಲರ್ ದಾಟಿದಾಗ 50 ಸೀಟಿನ ಲೆಕ್ಕ ಕೆಟ್ಟಿತು. ಕಂಪನಿಗಳು ಅವನ್ನು ಮೂಲೆಗೆ ಹಾಕಲು ಶುರುಮಾಡಿದವು. ಹಲವು ಸಣ್ಣ ಊರುಗಳಿಗೆ ವಿಮಾನವೇ ನಿಂತಿತು. ಕೊಮೇರ್ 2012ರಲ್ಲಿ ಮುಚ್ಚಿತು. ಅವುಗಳ ಜಾಗಕ್ಕೆ ಬಂದದ್ದು ಎಂಬ್ರೇಯರ್ ಇ175. ಹೊಸ ಮಿತಿ 76 ಸೀಟು, 86,000 ಪೌಂಡ್ ತೂಕ. ಇಂಧನ ಉಳಿಸುವ ಹೊಸ ಇ175-ಇ2 ಆ ತೂಕ ಮೀರಿದ್ದರಿಂದ ಎಂಬ್ರೇಯರ್ ಅದರ ಕೆಲಸವನ್ನೇ ತಡೆಹಿಡಿಯಿತು. ಇನ್ನೊಂದು ತಮಾಷೆ ಎಂದರೆ ಸಿಆರ್‌ಜೆ 550. 70 ಜನ ಹಿಡಿಸುವ ಒಡಲಿಗೆ 50 ಸೀಟು ಮಾತ್ರ ಹಾಕಿ, 2019ರಲ್ಲಿ ಯುನೈಟೆಡ್‌ ಹೆಸರಿನಲ್ಲಿ ಹಾರಿಸಿದರು.

ಅದೇ 2019ರ ಜನವರಿಯಲ್ಲಿ ನಮ್ಮ ಕರ್ನಾಟಕದಲ್ಲಿ ಸ್ಟಾರ್ ಏರ್ ಕಂಪನಿ 50 ಸೀಟಿನ ಇಆರ್‌ಜೆ 145 ವಿಮಾನವನ್ನು ಬೆಂಗಳೂರಿನಿಂದ ಹುಬ್ಬಳ್ಳಿಗೆ ಹಾರಿಸಿತು. ನವೆಂಬರ್ 22ರಂದು ಕಲಬುರಗಿಯ ಹೊಸ ನಿಲ್ದಾಣಕ್ಕೆ ಇಳಿದದ್ದೂ ಸ್ಟಾರ್ ಏರ್ ವಿಮಾನವೇ. ಅಮೆರಿಕ ಬೇಡವೆಂದ ಅಳತೆಯ ವಿಮಾನ ಅಲ್ಲಿ ಹೊಸ ದಾರಿ ತೆರೆಯಿತು. ಅಲ್ಲೂ ಸೀಟಿನ ಲೆಕ್ಕ ಬೆಳೆಯಿತು ಅನ್ನಿ: 2023ರಲ್ಲಿ ಸ್ಟಾರ್ ಏರ್ ಕೂಡ 76 ಸೀಟಿನ ಇ175 ತಂದಿತು.