ಮಳೆಯಲ್ಲಿ ನಿಂತು ಕೇಳಿದ ಸಂಗೀತ

ಸಂಗೀತದ ಚರಿತ್ರೆಯನ್ನು ಬರೆಯುವವರು ಕೃತಿಯನ್ನು ರಚಿಸಿದ ವಿದ್ವಾಂಸನ ಹೆಸರನ್ನೂ ಪೋಷಿಸಿದ ಪ್ರಭುವಿನ ಹೆಸರನ್ನೂ ತಪ್ಪದೆ ಬರೆದಿಡುತ್ತಾರೆ. ಕೇಳಲು ಬಂದ ಜನರ ವಿಷಯವಾಗಿ ಅವರು ಬರೆಯುವುದು ಬಹು ಸ್ವಲ್ಪ. ಬರೆದರೂ ಜನಸಂದಣಿ ಅಪಾರವಾಗಿದ್ದಿತೆಂಬ ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ಪ್ರಭುವು ಧನವನ್ನು ಕೊಟ್ಟನು, ವಿದ್ವಾಂಸನು ವಿದ್ಯೆಯನ್ನು ಕೊಟ್ಟನು. ಕೈಯಲ್ಲಿ ಟಿಕೆಟ್ಟಿಲ್ಲದೆ, ತಲೆಯ ಮೇಲೆ ಸೂರಿಲ್ಲದೆ ಬಯಲಿನಲ್ಲಿ ನಿಂತವರು ಏನನ್ನು ಕೊಟ್ಟರು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, 1749ನೆಯ ಇಸವಿ ಏಪ್ರಿಲ್ 27ನೆಯ ತಾರೀಖಿನ ಸಂಜೆ ಲಂಡನ್ ನಗರದ ಗ್ರೀನ್ ಪಾರ್ಕ್ ಎಂಬ ಉದ್ಯಾನದಲ್ಲಿ ನಡೆದ ಉತ್ಸವವೊಂದನ್ನು ನಾವು ಈ ಹೊತ್ತು ನೋಡೋಣ. ಅಂದು ಮಳೆಯೂ ಬಂದಿತು, ಜನರೂ ಬಂದರು.

ಆಸ್ಟ್ರಿಯದ ಸಿಂಹಾಸನದ ಉತ್ತರಾಧಿಕಾರವನ್ನು ಕುರಿತು 1740ರಲ್ಲಿ ಯೂರೋಪಿನಲ್ಲಿ ಹೊತ್ತಿಕೊಂಡ ಯುದ್ಧವು ಎಂಟು ವರ್ಷಗಳ ಕಾಲ ಉರಿದು, 1748ನೆಯ ಅಕ್ಟೋಬರ್ ತಿಂಗಳಿನಲ್ಲಿ ಎಕ್ಸ್-ಲಾ-ಶಾಪೆಲ್ ಸಂಧಿಯಿಂದ ಕೊನೆಗೊಂಡಿತು. ಈ ಸಂಧಿಯು ನಮಗೆ ಕೇವಲ ದೂರದ ಮಾತಲ್ಲ. 1746ರಲ್ಲಿ ಫ್ರೆಂಚರು ಹಿಡಿದುಕೊಂಡಿದ್ದ ಮದರಾಸು ಇಂಗ್ಲಿಷರ ಕೈಗೆ ಮರಳಿದುದು ಇದರ ಬಲದಿಂದಲೇ. ಅದಕ್ಕೆ ಪ್ರತಿಯಾಗಿ ಉತ್ತರ ಅಮೆರಿಕದ ಲೂಯಿಬರ್ಗ್ ಕೋಟೆಯನ್ನು ಇಂಗ್ಲಿಷರು ಫ್ರೆಂಚರಿಗೆ ಬಿಟ್ಟುಕೊಡಬೇಕಾಯಿತು. ಅದೇ 1749ರಲ್ಲಿ ಮೈಸೂರಿನ ದಂಡು ದೇವನಹಳ್ಳಿಯ ಕೋಟೆಯನ್ನು ಮುತ್ತಿದ್ದಿತು. ಹೈದರನ ಶೌರ್ಯವು ಮೊದಲು ಕಣ್ಣಿಗೆ ಬಿದ್ದುದು ಆ ಮುತ್ತಿಗೆಯಲ್ಲಿ. ಲಂಡನ್ನಿನ ಜನರಿಗೆ ಕೊಂಡಾಡಲು ಹೇಳಿದ ಶಾಂತಿಯು ಹೀಗೆ ನಮ್ಮ ಕಡಲತೀರದ ಪಟ್ಟಣವೊಂದನ್ನು ತಕ್ಕಡಿಯಲ್ಲಿಟ್ಟು ತೂಗಿದ ಶಾಂತಿ. ಗೆದ್ದ ಕೋಟೆಯನ್ನು ಹಿಂದಕ್ಕೆ ಕೊಟ್ಟುದಲ್ಲದೆ, ಅದು ಕೈಸೇರುವವರೆಗೆ ಇಬ್ಬರು ಶ್ರೀಮಂತರನ್ನು ಒತ್ತೆಯಾಗಿ ಫ್ರಾನ್ಸಿಗೆ ಕಳುಹಿಸಬೇಕಾಗಿ ಬಂದುದರಿಂದ ಇಂಗ್ಲೆಂಡಿನಲ್ಲಿ ಅನೇಕರಿಗೆ ಈ ಸಂಧಿಯು ರುಚಿಸಲಿಲ್ಲ. ರುಚಿಸದ ಸಂಧಿಗೆ ಸಂಭ್ರಮದ ಉತ್ಸವ ಬೇಕಾಗುತ್ತದೆ. ಇದು ರಾಜನೀತಿಯ ಹಳೆಯ ಪಾಠ.

ಎರಡನೆಯ ಜಾರ್ಜ್ ದೊರೆಯ ಸರಕಾರವು ಉತ್ಸವಕ್ಕೆ ಬಾಣಬಿರುಸನ್ನು ಆರಿಸಿಕೊಂಡಿತು. ಸರ್ವಾಂಡೋನಿ ಎಂಬ ಪ್ರಸಿದ್ಧ ರಂಗಶಿಲ್ಪಿಯನ್ನು ಕರೆಸಿ, ಗ್ರೀನ್ ಪಾರ್ಕಿನಲ್ಲಿ ದೇವಾಲಯದ ಆಕಾರದ ಒಂದು ಮಹಾ ಮಂಟಪವನ್ನು ಕಟ್ಟಿಸಿದರು. ಅದರ ಉದ್ದ 410 ಅಡಿ, ಎತ್ತರ 114 ಅಡಿ. ನೋಡುವವರಿಗೆ ಕಲ್ಲಿನಂತೆ ಕಂಡರೂ ಅದು ಮರ ಮತ್ತು ಕ್ಯಾನ್‌ವಾಸಿನ ಕಟ್ಟಡ. ಮೇಲೆ ಸುಣ್ಣ ಬಣ್ಣಗಳ ಲೇಪ. ಜನರು ಅದನ್ನು ‘ಯಂತ್ರ’ವೆಂದೇ ಕರೆಯುತ್ತಿದ್ದರು. 1748ರ ನವೆಂಬರಿನಲ್ಲಿ ಪ್ರಾರಂಭವಾದ ಕೆಲಸವು ಉತ್ಸವದ ಹಿಂದಿನ ದಿನದವರೆಗೂ ನಡೆಯಿತು. ಚಕ್ರಗಳು, ಕಾರಂಜಿಗಳು, ಆಕಾಶಬಾಣಗಳು ಎಲ್ಲವೂ ಸಿದ್ಧವಾದುವು. ಸಂಗೀತವು ಇವೆಲ್ಲಕ್ಕೂ ಹಿಮ್ಮೇಳವೆಂಬುದು ಅಧಿಕಾರಿಗಳ ಭಾವನೆ.

ಹಿಮ್ಮೇಳವನ್ನು ರಚಿಸಲು ನೇಮಕವಾದವನು ಮಾತ್ರ ಸಾಮಾನ್ಯನಲ್ಲ. ಜರ್ಮನಿಯ ಹಾಲೆ ಪಟ್ಟಣದಲ್ಲಿ 1685ರಲ್ಲಿ ಹುಟ್ಟಿ, 1727ರಲ್ಲಿ ಬ್ರಿಟಿಷ್ ಪ್ರಜೆಯಾದ ಜಾರ್ಜ್ ಫ್ರೆಡೆರಿಕ್ ಹ್ಯಾಂಡಲನಿಗೆ ಆಗ 64 ವರ್ಷ. ಅವನಿಗೂ ಅಧಿಕಾರಿಗಳಿಗೂ ಪಿಟೀಲಿನ ವಿಷಯವಾಗಿ ವಿವಾದ ಹುಟ್ಟಿತು. ದೊರೆಗೆ ಮೊದಲು ಸಂಗೀತವೇ ಬೇಡವೆನಿಸಿದ್ದಿತು. ರಣವಾದ್ಯಗಳೇ ಹೆಚ್ಚಾಗಿರುವುವೆಂದು ಕೇಳಿದ ಮೇಲೆ ಅವನು ಒಪ್ಪಿದನು, ಪಿಟೀಲುಗಳು ಇರಬಾರದೆಂದು ಅಪೇಕ್ಷಿಸಿದನು. ಹ್ಯಾಂಡಲನಾದರೋ ಕಹಳೆಗಳನ್ನು ಕಡಮೆ ಮಾಡಿ ಪಿಟೀಲುಗಳನ್ನು ಸೇರಿಸಬೇಕೆಂದು ಹಟ ಹಿಡಿದನು. ಶಸ್ತ್ರಾಗಾರದ ಮುಖ್ಯಾಧಿಕಾರಿಯಾಗಿದ್ದ ಮಾಂಟೇಗ್ಯೂ ಡ್ಯೂಕನು ಈ ಸಂಬಂಧವಾಗಿ ಬರೆದ ಅಸಮಾಧಾನದ ಕಾಗದಗಳು ಇಂದಿಗೂ ಉಳಿದಿವೆ. ಕೊನೆಗೆ ನಿಂತ ಮೇಳದಲ್ಲಿ 24 ಓಬೋ, 12 ಬಸೂನ್, 9 ಕಹಳೆ, 9 ಕೊಂಬು, 3 ಜೋಡಿ ನಗಾರಿ. ಓಬೋ ಎಂಬುದು ನಮ್ಮ ಓಲಗದ ಜಾತಿಯದು. ಎರಡು ಸೀಳಿನ ಪೀಪಿಯನ್ನು ತುಟಿಯಲ್ಲಿಟ್ಟು ಊದುವ ವಾದ್ಯ.

ಈ ವಿವಾದದಲ್ಲಿ ನಮ್ಮ ಸಹಾನುಭೂತಿ ಸಹಜವಾಗಿ ವಿದ್ವಾಂಸನ ಕಡೆಗೇ ಹರಿಯುತ್ತದೆ. ಆದರೆ ಅಂದಿನ ಬಯಲನ್ನೂ ಮುಗಿಲನ್ನೂ ನೆನೆದರೆ ದೊರೆಯ ಕಡೆಗೂ ಒಂದು ಮಾತುಂಟು. ಆ ಕಾಲದ ಪಿಟೀಲಿಗೆ ಕಟ್ಟುತ್ತಿದ್ದುದು ಪ್ರಾಣಿಯ ಕರುಳಿನ ತಂತಿ. ತೇವ ತಗುಲಿದರೆ ಅದು ಶ್ರುತಿ ಬಿಡುತ್ತದೆ. ಅದರ ನಾದವು ಗೋಡೆಯ ಆಸರೆಯಿಲ್ಲದ ಬಯಲಿನಲ್ಲಿ ಹರಡಿ ಕರಗಿಹೋಗುತ್ತದೆ. ಓಬೋ, ಕಹಳೆ, ಕೊಂಬುಗಳ ಧ್ವನಿ ಸಾವಿರಾರು ಜನರ ತಲೆಗಳನ್ನು ದಾಟಿ ಮುಂದಕ್ಕೆ ಹೋಗುತ್ತದೆ. ಉತ್ಸವಮೂರ್ತಿಯ ಮುಂದೆ ವೀಣೆಯನ್ನಿಡದೆ ನಾಗಸ್ವರವನ್ನಿಟ್ಟ ನಮ್ಮ ಹಿರಿಯರಿಗೂ ಈ ವಿಚಾರ ತಿಳಿದಿದ್ದಿತು. ಕತ್ತಿಯ ಮೇಲಿನ ಪ್ರೀತಿಯಿಂದ ದೊರೆ ಆಡಿದ ಮಾತು ಮಳೆಯ ಸಂಜೆಗೆ ಹೊಂದಿಕೊಂಡಿತು.

ಉತ್ಸವಕ್ಕೆ ಆರು ದಿನ ಮುಂಚೆ, ಏಪ್ರಿಲ್ 21ರಂದು, ಥೇಮ್ಸ್ ನದಿಯ ದಕ್ಷಿಣದ ವಾಕ್ಸ್‌ಹಾಲ್ ತೋಟದಲ್ಲಿ ಸಂಗೀತದ ಪೂರ್ವಾಭ್ಯಾಸ ನಡೆಯಿತು. ತೋಟದ ಒಡೆಯನಾದ ಜಾನಥನ್ ಟೈಯರ್ಸನು ಉತ್ಸವಕ್ಕೆ ತನ್ನ ದೀಪಗಳನ್ನೂ ಆಳುಗಳನ್ನೂ ಒದಗಿಸಿ, ಪ್ರತಿಯಾಗಿ ಈ ಅನುಮತಿಯನ್ನು ಪಡೆದಿದ್ದನು. ಪ್ರವೇಶಕ್ಕೆ ಎರಡೂವರೆ ಷಿಲಿಂಗ್. ಕೂಲಿಯವನ ಒಂದು ದಿನದ ಸಂಪಾದನೆಗಿಂತ ಹೆಚ್ಚು. ಆದರೂ 12,000ಕ್ಕೂ ಮೇಲ್ಪಟ್ಟ ಜನ ಸೇರಿದರೆಂದು ಆ ಕಾಲದ ಪತ್ರಿಕೆ ಬರೆಯಿತು. ನಗರದಿಂದ ನದಿಯನ್ನು ದಾಟಲು ಲಂಡನ್ ಸೇತುವೆಯೊಂದೇ ಇದ್ದುದರಿಂದ ಗಾಡಿಗಳು ಸಿಕ್ಕಿಕೊಂಡು ಮೂರು ಗಂಟೆಗಳ ಕಾಲ ಚಲಿಸಲಿಲ್ಲವಂತೆ. ಸಂಗೀತವು ಹಿಮ್ಮೇಳ ಮಾತ್ರವಲ್ಲವೆಂಬುದನ್ನು ಅಧಿಕಾರಿಗಳು ಅಂದೇ ಅರಿತುಕೊಳ್ಳಬಹುದಾಗಿದ್ದಿತು. ಅಲ್ಲಿ ಬಾಣವೂ ಇರಲಿಲ್ಲ, ಬಿರುಸೂ ಇರಲಿಲ್ಲ. ಜನರು ಬಂದುದು ಕೇಳುವುದಕ್ಕೆ.

ಎರಡೂವರೆ ಷಿಲಿಂಗ್ ಕೊಡಲಾರದವರಿಗೆ ಏಪ್ರಿಲ್ 27ರ ಸಂಜೆ ಉಳಿದಿದ್ದಿತು. ಆ ಉಚಿತ ಉತ್ಸವದಲ್ಲಿಯೂ ತರತಮವಿಲ್ಲದೆ ಇರಲಿಲ್ಲ. ಪ್ರಭುಸಭೆಯವರಿಗೂ ಸಾಮಾನ್ಯಸಭೆಯವರಿಗೂ ನಗರದ ಪ್ರಮುಖರಿಗೂ ಅಟ್ಟಣೆಗಳನ್ನು ಕಟ್ಟಿಸಿದ್ದರು. ಪ್ರಭುಗಳಿಗೆ ತಲೆಗೆ ನಾಲ್ಕು ಟಿಕೆಟ್ಟು. ಸಾಮಾನ್ಯಸಭೆಯ ಸದಸ್ಯರಿಗೆ ಮೊದಲು ಎರಡೇ, ಸಭಾಧ್ಯಕ್ಷನು ಜಗಳವಾಡಿದ ಮೇಲೆ ಮೂರು. ದೊರೆಯು ಪರಿವಾರದೊಡನೆ ಗ್ರಂಥಾಲಯದ ಕಟ್ಟಡದಿಂದ ನೋಡಿದನು. ಉಳಿದ ಲಂಡನ್ನು ಉದ್ಯಾನದ ಹುಲ್ಲಿನ ಮೇಲೆಯೂ ಸುತ್ತಲಿನ ಮನೆಗಳ ಮೇಲೆಯೂ ಕಿಕ್ಕಿರಿದು ನೆರೆಯಿತು.

ಆಕಾಶಬಾಣಗಳು ಚೆನ್ನಾಗಿಯೇ ಹಾರಿದುವು. ಮಿಕ್ಕ ವಿವರಗಳನ್ನು ಹೊರೇಸ್ ವಾಲ್‌ಪೋಲನು ಸ್ನೇಹಿತನಿಗೆ ಬರೆದ ಕಾಗದದಿಂದ ತಿಳಿಯಬಹುದು. ಮುಖ್ಯ ಪ್ರದರ್ಶನವಾಗಬೇಕಾಗಿದ್ದ ಚಕ್ರಗಳು ಸೊರಗಿದುವು. ದೀಪಾಲಂಕಾರವನ್ನು ಎಷ್ಟು ನಿಧಾನವಾಗಿ ಹಚ್ಚಿದರೆಂದರೆ ಮುಗಿಯುವವರೆಗೆ ಕಾಯುವ ತಾಳ್ಮೆ ಬಹುಮಂದಿಗೆ ಉಳಿಯಲಿಲ್ಲ. ನಡುವೆ ಮಂಟಪದ ಬಲಗಡೆಯ ಭಾಗಕ್ಕೆ ಬೆಂಕಿ ಹತ್ತಿ ಅದು ಸುಟ್ಟುಹೋಯಿತು. ಮಳೆಯಲ್ಲಿ ಉರಿಯಬೇಕಾದುದು ಉರಿಯಲಿಲ್ಲ, ಉರಿಯಬಾರದುದು ಉರಿಯಿತು. ಕಣ್ಣೆದುರಿಗೆ ತನ್ನ ಕೃತಿ ಬೂದಿಯಾಗುವುದನ್ನು ಕಂಡ ಸರ್ವಾಂಡೋನಿಯು ಕತ್ತಿಯನ್ನು ಹಿರಿದು ಬಾಣಬಿರುಸಿನ ಮೇಲ್ವಿಚಾರಕನಾದ ಚಾರ್ಲ್ಸ್ ಫ್ರೆಡೆರಿಕನ ಮೇಲೆ ಹೋದನು. ಅವನನ್ನು ಹಿಡಿದಿಟ್ಟು, ಮರುದಿನ ಕ್ಷಮೆ ಕೇಳಿದ ಬಳಿಕ ಬಿಟ್ಟರು. ಅಂದು ಇಬ್ಬರು ಸತ್ತರು. ಹೆಚ್ಚೇನೂ ಹಾನಿಯಾಗಲಿಲ್ಲವೆಂಬ ಧಾಟಿಯಲ್ಲಿ ವಾಲ್‌ಪೋಲನು ಆ ಸಂಗತಿಯನ್ನು ದಾಟಿಹೋಗುತ್ತಾನೆ. ಆ ಇಬ್ಬರ ಮನೆಯವರು ಹಾಗೆ ದಾಟಿಹೋಗಲಾರರಾಗಿದ್ದರೆಂಬುದನ್ನು ಚರಿತ್ರೆಯನ್ನು ಓದುವ ನಾವಾದರೂ ನೆನೆಯಬೇಕು.

ಈಗ ನಮ್ಮ ಪ್ರಶ್ನೆಗೆ ಬರೋಣ. ಹಣ ಕೊಟ್ಟವನು ಮಳೆ ಬಂದರೂ ಕುಳಿತಿರುತ್ತಾನೆ. ಕೊಟ್ಟ ಹಣ ಅವನನ್ನು ಕಟ್ಟಿಹಾಕಿರುತ್ತದೆ. ಉಚಿತವಾಗಿ ಬಂದವನನ್ನು ಹಿಡಿದಿಡುವುದು ಯಾವುದೂ ಇಲ್ಲ. ಮೊದಲನೆಯ ಹನಿ ಬಿದ್ದೊಡನೆ ಅವನು ಮನೆಗೆ ನಡೆಯಬಹುದು. ಆದುದರಿಂದ ಅವನು ನಿಂತರೆ ಆ ನಿಲ್ಲುವಿಕೆಯೇ ಅವನು ತೆತ್ತ ಬೆಲೆ; ಹೊರಟುಹೋದರೆ ಅದೇ ಅವನ ತೀರ್ಪು. ಗ್ರೀನ್ ಪಾರ್ಕಿನ ಜನರು ಇವೆರಡನ್ನೂ ಮಾಡಿದರು. ಮಳೆಗೆ ಹೆದರದೆ ಬಂದವರು ಬೇಸರಕ್ಕೆ ಹೆದರಿ ಹೊರಟರು. ಸರಕಾರದ ಸಂಭ್ರಮವನ್ನು ಅವರು ಬಾಯಿಂದ ಹಳಿಯಬೇಕಾಗಿರಲಿಲ್ಲ, ಕಾಲಿನಿಂದಲೇ ಹೇಳಿದರು.

ಹ್ಯಾಂಡಲನ ಕೃತಿಯು ಮಂಟಪದೊಡನೆ ಬೂದಿಯಾಗಲಿಲ್ಲ. ಸರಿಯಾಗಿ ಒಂದು ತಿಂಗಳಿಗೆ, ಮೇ 27ರಂದು, ತಬ್ಬಲಿ ಮಕ್ಕಳಿಗಾಗಿ ಸ್ಥಾಪಿತವಾಗಿದ್ದ ಫೌಂಡ್ಲಿಂಗ್ ಆಸ್ಪತ್ರೆಯ ಪ್ರಾರ್ಥನಾಮಂದಿರದಲ್ಲಿ ಅವನು ಅದನ್ನು ಮತ್ತೆ ನುಡಿಸಿದನು. ಈ ಸಲ ಸೂರು ಇದ್ದಿತು, ದೊರೆಯ ಅಪ್ಪಣೆ ಇರಲಿಲ್ಲ, ಪಿಟೀಲುಗಳು ಬಂದುವು. ಟಿಕೆಟ್ಟಿನ ಹಣವು ಆ ಮಕ್ಕಳ ಸಂಸ್ಥೆಗೆ ಸೇರಿತು. ಮುಂದೆ 1959ರಲ್ಲಿ, ಹ್ಯಾಂಡಲನು ಗತಿಸಿ 200 ವರ್ಷ ತುಂಬಿದಾಗ, ಚಾರ್ಲ್ಸ್ ಮೆಕರಾಸ್ ಎಂಬ ನಿರ್ದೇಶಕರು ಹಳೆಯ ಗಾಳಿವಾದ್ಯಗಳ ಮಹಾಮೇಳವನ್ನೇ ಮತ್ತೆ ಕೂಡಿಸಿ ಧ್ವನಿಮುದ್ರಿಸಿದರು. 26 ಮಂದಿ ಓಬೋ ವಾದಕರಿಗೆ ಒಟ್ಟಿಗೆ ಬಿಡುವು ಸಿಕ್ಕುವುದು ನಗರದ ಕಚೇರಿಗಳು ಮುಗಿದ ಮೇಲೆಯೇ ಆದುದರಿಂದ ಆ ಕೆಲಸ ರಾತ್ರಿಯ ಹೊತ್ತಿನಲ್ಲಿ ನಡೆಯಿತು. ಗ್ರೀನ್ ಪಾರ್ಕಿನ ಬಯಲಿಗಾಗಿ ಹುಟ್ಟಿದ ಆ ನಾದವು ಇಂದು ಮನೆಮನೆಯಲ್ಲಿ ದೊರೆಯುತ್ತದೆ.

ಬೆಚ್ಚನೆಯ ಮನೆಯಲ್ಲಿ ಕುಳಿತು ಒಳ್ಳೆಯ ಸಂಗೀತವನ್ನು ಕೇಳುವುದು ನಮ್ಮ ಕಾಲದ ಭಾಗ್ಯ. ಅದನ್ನು ಯಾರೂ ಹಳಿಯಬೇಕಾದುದಿಲ್ಲ. ಆದರೆ ಆ ಕೃತಿಯಲ್ಲಿ ಶಾಂತಿಯೆಂದೂ ಸಂತೋಷವೆಂದೂ ಹೆಸರಿಟ್ಟ ಎರಡು ಭಾಗಗಳನ್ನು ಕೇಳುವಾಗ ನಾವು ಕೊಂಚ ಮಳೆಯನ್ನೂ ಸೇರಿಸಿಕೊಂಡು ಕೇಳುವುದು ನ್ಯಾಯ. ಆ ಶಾಂತಿಯು ಎಂಟು ವರ್ಷವೂ ಪೂರ್ತಿಯಾಗಿ ಬಾಳಲಿಲ್ಲ. 1756ರಲ್ಲಿ ಇಂಗ್ಲೆಂಡೂ ಫ್ರಾನ್ಸೂ ಮತ್ತೆ ಯುದ್ಧ ಸಾರಿದುವು. ಸಂಧಿಪತ್ರ ಹರಿದುಹೋಯಿತು, ಮಂಟಪ ಸುಟ್ಟುಹೋಯಿತು. ಅಟ್ಟಣೆಯ ಟಿಕೆಟ್ಟಿಗಾಗಿ ಜಗಳವಾಡಿದವರ ಮಾತು ಕಾಗದಗಳಲ್ಲಿ ಉಳಿದಿದೆ. ಟಿಕೆಟ್ಟಿಲ್ಲದೆ ತೊಯ್ದ ಹುಲ್ಲಿನ ಮೇಲೆ ನಿಂತವರ ಹೆಸರು ಎಲ್ಲಿಯೂ ಇಲ್ಲ. ಅವರಿಗಾಗಿಯೇ ಅಷ್ಟು ಕಹಳೆಗಳನ್ನೂ ಅಷ್ಟು ಓಬೋಗಳನ್ನೂ ಕೂಡಿಸಬೇಕಾಯಿತು.