ಬರೆದುಕೊಟ್ಟವರು, ಬರೆಸಿಕೊಂಡವರು

ನಿಮ್ಮ ಮನೆಯಲ್ಲಿಯೂ ಅಂಥದೊಂದು ಗಂಟು ಇರಬಹುದು. ಅಟ್ಟದ ಮೇಲಿನ ಟ್ರಂಕಿನಲ್ಲಿಯೋ ದೇವರ ಕೋಣೆಯ ಕಪಾಟಿನಲ್ಲಿಯೋ ಮಾಸಿದ ರುಮಾಲಿನಲ್ಲಿ ಕಟ್ಟಿಟ್ಟ ಕಾಗದಗಳ ಗಂಟು ಅದು. ಅಜ್ಜ ಕೊಂಡ ಹೊಲದ ಖರೀದಿ ಪತ್ರ, ಅಣ್ಣತಮ್ಮಂದಿರು ಬೇರೆಯಾದಾಗಿನ ವಾಟ್ನಿ ಪತ್ರ, ಉತಾರದ ನಕಲು, ಪಟ್ಟಿ ತುಂಬಿದ ಪಾವತಿ ಎಲ್ಲವೂ ಅದರಲ್ಲಿಯೇ ಇರುವವು. ಹಿರಿಯರು ಅದನ್ನು ಬಂಗಾರದಂತೆ ಕಾಯುತ್ತಾರೆ. ಆದರೆ ಅದರಲ್ಲಿ ಏನು ಬರೆದಿದೆಯೆಂದು ಕೇಳಿದರೆ, "ಅದು ವಕೀಲರಿಗೆ ಗೊತ್ತು" ಎಂದುಬಿಡುತ್ತಾರೆ.

ಇಂದು ಆ ಗಂಟನ್ನು ಸ್ವಲ್ಪ ಬಿಚ್ಚಿ ನೋಡೋಣ. ಧಾರವಾಡ ಸೀಮೆಯ ಹಳೆಯ ಪತ್ರದಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ಹೆಸರುಗಳು ಬರುವವು. ಮೊದಲು ಬರೆಸಿಕೊಂಡವರು, ಆಮೇಲೆ ಬರೆದುಕೊಟ್ಟವರು; ಅಂದರೆ ಕೊಂಡವರು ಮತ್ತು ಮಾರಿದವರು. ಮರಾಠಿಯ 'ಲಿಹೂನ ಘೇಣಾರ, ಲಿಹೂನ ದೇಣಾರ' ಎಂಬ ಮಾತುಗಳದೇ ಅಚ್ಚು ಇದು. ಕೆಳಗೆ ಸಾಕ್ಷಿದಾರರು. ಎಲ್ಲಕ್ಕೂ ಕೊನೆಗೆ, ಒಂದು ಮೂಲೆಯಲ್ಲಿ, 'ಬಿಕಲಂ' ಎಂದು ಬರೆದು ಹಾಕಿದ ಒಂದು ಸಹಿ. ಬರೆದುಕೊಟ್ಟವರು ಎಂದು ಪತ್ರ ಹೇಳುವವನು ನಿಜವಾಗಿ ಏನನ್ನೂ ಬರೆದಿರುವದಿಲ್ಲ. ಎಷ್ಟೋ ಸಲ ಅವನಿಗೆ ಬರೆಯಲು ಬರುತ್ತಲೂ ಇರಲಿಲ್ಲ. ಬರೆದವನು ಈ ಮೂಲೆಯ ಬಿಕಲಂ. ಅವನ ಮತ್ತು ಅವನ ಜೊತೆಗಾರರಾದ ವಕೀಲ, ದಲ್ಲಾಳಿಗಳ ಕಥೆಯನ್ನು ನಿಮ್ಮ ಮುಂದೆ ಇಡುವದು ಈ ಲೇಖನದ ಉದ್ದೇಶ.

ಪೇಶವೆಯರ ಆಳಿಕೆ ಮುಗಿದು 1818ರಲ್ಲಿ ಈ ಸೀಮೆ ಇಂಗ್ಲಿಷರ ಕೈಸೇರಿದಾಗ ಊರಿನ ಲೆಕ್ಕಪತ್ರವೆಲ್ಲ ಕುಲಕರ್ಣಿಯ ದಪ್ತರದಲ್ಲಿತ್ತು. ಸರಕಾರದ ಬರವಣಿಗೆ ನಡೆಯುತ್ತಿದ್ದದ್ದು ಮರಾಠಿಯಲ್ಲಿ, ಅದೂ ಕಲಮು ಎತ್ತದೆ ಓಡಿಸಿ ಬರೆಯುವ ಮೋಡಿ ಲಿಪಿಯಲ್ಲಿ. ಹೊಲ ಉಳುವವನ ಮಾತು ಕನ್ನಡ. ಅವನ ಹೊಲದ ದಾಖಲೆ ಮೋಡಿ. ಮರಾಠರ ಕಾಲದ ಪತ್ರಗಳಲ್ಲಿ ಸಹಿ ಬಾರದ ಒಕ್ಕಲಿಗನು ತನ್ನ ಹೆಸರಿನ ಹತ್ತಿರ ನೇಗಿಲಿನ ಗುರುತು ಹಾಕುತ್ತಿದ್ದನು. ಹೆಣ್ಣುಮಗಳು ಬಳೆಯ ಗುರುತು ಹಾಕುತ್ತಿದ್ದಳು. ಕಾಗದದಲ್ಲಿ ಅವರಿಗೆ ಓದಲು ಬರುತ್ತಿದ್ದದ್ದು ಆ ಒಂದು ಗುರುತು ಮಾತ್ರ. ಆದರೆ ಆಗ ಹೊಲವನ್ನು ಕಾಯುತ್ತಿದ್ದದ್ದು ಬರಿಯ ಕಾಗದವಲ್ಲ. ಯಾರ ಹೊಲ ಯಾವದು, ಬದುವು ಎಲ್ಲಿಯದು ಎಂಬುದಕ್ಕೆ ಊರೇ ಸಾಕ್ಷಿಯಾಗಿತ್ತು.

ಈ ಸ್ಥಿತಿಯನ್ನು ಬದಲಿಸಿದ್ದು ಒಂದು ಸರಪಳಿ. 1840ರ ದಶಕದಲ್ಲಿ ಕ್ಯಾಪ್ಟನ್ ಜಾರ್ಜ್ ವಿಂಗೇಟ್ ಎಂಬವನ ಮೇಲ್ವಿಚಾರಣೆಯಲ್ಲಿ ಧಾರವಾಡ ಸೀಮೆಯ ಮೋಜಣಿ ನಡೆಯಿತು. ಮೂವತ್ಮೂರು ಅಡಿಯ ಸರಪಳಿ ಹಿಡಿದು ಹೊಲಹೊಲವನ್ನೂ ಅಳೆದರು. ಸರಪಳಿಯ ಉದ್ದ, ಸರಪಳಿಯ ಅಗಲ ಒಂದು ಗುಂಟೆ. ನಲವತ್ತು ಗುಂಟೆ ಒಂದು ಎಕರೆ. ಗುಂಟೆಯ ಹದಿನಾರನೆಯ ಪಾಲು ಒಂದು ಆಣೆ. ಅಲ್ಲಿಯವರೆಗೆ ತನ್ನ ಹೆಸರಿನಿಂದಲೋ, ಮಗ್ಗುಲಿನ ಗಿಡದಿಂದಲೋ ಹಳ್ಳದಿಂದಲೋ ಗುರುತು ಸಿಗುತ್ತಿದ್ದ ಹೊಲಕ್ಕೆ ಒಂದು ನಂಬರು ಬಂದಿತು, ಮೂವತ್ತು ವರುಷಗಳವರೆಗೆ ಗೊತ್ತುಪಡಿಸಿದ ಆಕಾರ ಬಂದಿತು. ಆಕಾರ ತುಂಬುತ್ತಿರುವವರೆಗೆ ಹೊಲ ಅವನದು. ಮಾರಬಹುದು, ಗಹಾಣ ಇಡಬಹುದು. ರೈತನಿಗೆ ಇದು ದೊಡ್ಡ ಹಕ್ಕು. ಆದರೆ ಮಾರಲು ಬರುವ ವಸ್ತುವನ್ನು ಕಳೆದುಕೊಳ್ಳಲೂ ಬರುತ್ತದೆ.

ಅದಕ್ಕೆ ಬಹಳ ದಿನ ಕಾಯಬೇಕಾಗಲಿಲ್ಲ. 1861ರಿಂದ 1865ರವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಅರಳೆ ಇಂಗ್ಲಂಡಿಗೆ ಹೋಗದಂತಾಯಿತು. ನಮ್ಮ ಧಾರವಾಡ-ಅಮೇರಿಕನ್ ಹತ್ತಿಗೆ ಎಂದೂ ಕಾಣದ ಬೆಲೆ ಬಂದಿತು. ಹೊಲದ ಬೆಲೆ ಏರಿತು; ಅದರ ಮೇಲೆ ಸಾಲ ಕೊಡುವವರೂ ಮುಂದೆ ಬಂದರು. ಯುದ್ಧ ಮುಗಿದು ಹತ್ತಿಯ ಬೆಲೆ ಇಳಿಯಿತು, ಸಾಲ ಮಾತ್ರ ಇಳಿಯಲಿಲ್ಲ. 1876-77ರ ಬರಗಾಲ ಅದರ ಮೇಲೆ ಬಂದಿತು. ಇದೇ ಹೊತ್ತಿನಲ್ಲಿ ಕಾಗದದ ಕಾಯದೆಗಳೂ ಬಲಿತವು. 1864ರಿಂದ ಒಂದರ ಹಿಂದೆ ಒಂದು ನೋಂದಣಿ ಕಾಯದೆಗಳು ಬಂದವು. 1882ರ ಸ್ವತ್ತು ವರ್ಗಾವಣೆಯ ಕಾಯದೆ ಮುಂಬಯಿ ಇಲಾಖೆಗೆ 1893ರಲ್ಲಿ ಅನ್ವಯಿಸಿತು. ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಬೆಲೆಯ ಹೊಲ ಮನೆಗಳ ಖರೀದಿಗೆ ನೋಂದಣಿಯಾದ ಪತ್ರವೇ ಬೇಕೆಂದಾಯಿತು. ಊರಿನ ಸಾಕ್ಷಿ ಹಿಂದೆ ಸರಿದು ಕಾಗದದ ಸಾಕ್ಷಿ ಮುಂದೆ ಬಂದಿತು.

ಬಿಕಲಂ ಸಹಿಯವನ ಕಸಬಿಗೆ ಬೆಲೆ ಬಂದದ್ದು ಇಲ್ಲಿ. ಕಚೇರಿಯ ಆವಾರದಲ್ಲಿ, ಗಿಡದ ನೆರಳಿನಲ್ಲಿ, ಮುಂದೆ ಒಂದು ಇಳಿಜಾರು ಡೆಸ್ಕು ಇಟ್ಟುಕೊಂಡು ಅವನು ಕುಳಿತನು. ಜನ ಅವನನ್ನು ಬಾಂಡ್ ರೈಟರ್ ಎಂದರು. ಊರು, ತಾಲೂಕು, ರಿ. ಸ. ನಂಬರು, ಹಿಸ್ಸಾ, ಎಕರೆ-ಗುಂಟೆ-ಆಣೆ, ಆಕಾರ, ನಾಲ್ಕೂ ದಿಕ್ಕಿನ ಚಕ್ಕಬಂದಿ, ಇವನ್ನೆಲ್ಲ ತಪ್ಪಿಲ್ಲದೆ ಕೂಡಿಸುವದು ಸಣ್ಣ ಕೆಲಸವಲ್ಲ. ಚಕ್ಕಬಂದಿಯಲ್ಲಿ ಮೂಡಣ ಪಡುವಣ ಅದಲುಬದಲಾದರೆ ಎರಡು ತಲೆಮಾರು ಕೋರ್ಟಿಗೆ ಅಲೆಯಬೇಕಾಗುವದು. ಒಳ್ಳೆಯ ಬರಹಗಾರ ಒಂದು ಊರಿಗೆ ಅರ್ಧ ನ್ಯಾಯಾಧೀಶನಿದ್ದಂತೆ. ಅವನು ಸರಿಯಾಗಿ ಬರೆದ ಪತ್ರದಿಂದ ಹುಟ್ಟದೆ ಹೋದ ದಾವೆಗಳನ್ನು ಯಾರೂ ಎಣಿಸಿಲ್ಲ.

ಆದರೆ ಕೆಟ್ಟ ಪತ್ರವೂ ಅದೇ ಅಕ್ಷರಗಳಲ್ಲಿಯೇ ಬರೆಯಲ್ಪಡುವದು. ಮುದ್ದತ್ತಿನ ಖರೀದಿಯನ್ನೇ ನೋಡಿರಿ. ಮಗಳ ಮದುವೆಗೆಂದು ರೈತನು ಸಾಲ ಕೇಳುತ್ತಾನೆ. ಸಾಹುಕಾರನು ಸಾಲಪತ್ರ ಬರೆಸುವದಿಲ್ಲ, ಖರೀದಿ ಪತ್ರವನ್ನೇ ಬರೆಸುತ್ತಾನೆ. "ಇಷ್ಟು ವರುಷದೊಳಗೆ ರೊಕ್ಕ ತಿರುಗಿ ಕೊಟ್ಟರೆ ನಿನ್ನ ಹೊಲ ನಿನಗೇ" ಎಂಬ ಭಾಷೆ ಬಾಯಿಮಾತಿನಲ್ಲಿ ಉಳಿಯುವದು. ಮುದ್ದತ್ತು ತೀರಿದ ಮೇಲೆ ಕೋರ್ಟಿನ ಮುಂದೆ ಕಾಗದ ಮಾತಾಡುತ್ತದೆ, ಬಾಯಿಮಾತು ಮಾತಾಡುವದಿಲ್ಲ.

1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳ ರೈತರು ದಂಗೆಯೆದ್ದಾಗ ಅವರು ಮುಖ್ಯವಾಗಿ ಹುಡುಕಿದ್ದು ಸಾಹುಕಾರರ ಜೀವವನ್ನಲ್ಲ, ಅವರ ಮನೆಯ ಕಾಗದಗಳನ್ನು. ಕಾಗದ ಸುಟ್ಟರೆ ಸಾಲ ಸುಟ್ಟಿತೆಂದು ಅವರು ತಿಳಿದರು. ಇದರ ಫಲವಾಗಿ 1879ರಲ್ಲಿ ದಖ್ಖನ್ ರೈತರ ಪರಿಹಾರದ ಕಾಯದೆ ಬಂದಿತು. ಮೊದಲು ಅದು ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಈ ನಾಲ್ಕು ಜಿಲ್ಲೆಗಳ ಸಲುವಾಗಿ ಆದದ್ದು. ಮುಂದೆ ನಮ್ಮ ಭಾಗಕ್ಕೂ ಹಬ್ಬಿತು. ಕಾಗದದಲ್ಲಿ ಖರೀದಿ ಎಂದಿದ್ದರೂ ನಿಜವಾಗಿ ಅದು ಗಹಾಣವೇ ಎಂದು ರೈತನು ತೋರಿಸಿಕೊಡಲು ಮುಂದೆ ಅದರಲ್ಲಿ ದಾರಿಯಾಯಿತು. ಆ ಕಾಯದೆಯ ಇನ್ನೊಂದು ಏರ್ಪಾಡು ನೆನಪಿಡತಕ್ಕದ್ದು: ರೈತನು ಮಾಡಿಕೊಡುವ ಪತ್ರವನ್ನು ಗ್ರಾಮದ ನೋಂದಣಿಗಾರನು ತಾನೇ ಬರೆಯಬೇಕು, ಇಲ್ಲವೆ ತನ್ನ ಕಣ್ಣೆದುರಿಗೆ ಬರೆಯಿಸಬೇಕು, ಬರೆದುಕೊಡುವವನಿಗೆ ಅದನ್ನು ಓದಿ ಹೇಳಬೇಕು. ಓದಿ ಹೇಳುವದರಲ್ಲಿಯೇ ರೈತನ ಹೊಲ ಉಳಿಯುವದೋ ಹೋಗುವದೋ ನಿಂತಿದೆಯೆಂದು ಸರಕಾರಕ್ಕೂ ಆಗ ತಿಳಿದಿತ್ತು.

ವಕೀಲರ ಕಡೆಗೆ ಬರೋಣ. ಧಾರವಾಡದ ವಕೀಲನು ಮೂರು ಭಾಷೆಗಳ ನಡುವೆ ನಿಂತವನು. ಕಕ್ಷಿದಾರನ ಮಾತು ಕನ್ನಡ. ಅವನು ತಂದ ಹಳೆಯ ಕಾಗದ ಮೋಡಿ ಮರಾಠಿ. ಮೇಲಿನ ಕೋರ್ಟಿನ ವಾದ ಇಂಗ್ಲಿಷ್. ಮೇಲ್ಮನವಿಗೆ ಮುಂಬಯಿಗೆ ಹೋಗಬೇಕು. ಕಾನೂನು ಕಲಿಯಬೇಕಾದರೂ ಮುಂಬಯಿಗೆ, ಆಮೇಲೆ ಪುಣೆಗೆ ಹೋಗಬೇಕಾಗಿತ್ತು. ಬೆಳಗಾವಿಯ ಕಾನೂನು ಕಾಲೇಜು ಆರಂಭವಾದದ್ದು 1939ರಲ್ಲಿ. ಜನರ ಮಾತು ಒಂದು, ಆಡಳಿತದ ಮಾತು ಇನ್ನೊಂದು ಆಗಿರುವದರ ಕಷ್ಟ ಏನೆಂಬುದನ್ನು ವಕೀಲನಷ್ಟು ದಿನದಿನ ಕಂಡವರು ಕಡಿಮೆ. ಕರ್ನಾಟಕ ಏಕೀಕರಣದ ಕೆಲಸದಲ್ಲಿ ಅಷ್ಟು ಮಂದಿ ವಕೀಲರು ಕಾಣಿಸಿಕೊಂಡದ್ದಕ್ಕೆ ಇದೂ ಒಂದು ಕಾರಣವೆಂದು ನನಗೆ ತೋರುತ್ತದೆ. ಆಲೂರ ವೆಂಕಟರಾಯರು ಮುಂಬಯಿಯಲ್ಲಿ ಕಾನೂನು ಓದಿ ಧಾರವಾಡದಲ್ಲಿ ವಕೀಲಿ ಹೂಡಿದವರು. 1906ರಲ್ಲಿ ವಿದ್ಯಾವರ್ಧಕ ಸಂಘದ 'ವಾಗ್ಭೂಷಣ'ದ ಸಂಪಾದಕರಾದರು, ಮುಂದೆ ವಕೀಲಿಯನ್ನೇ ಬಿಟ್ಟರು. ಆಗ ಧಾರವಾಡ ಜಿಲ್ಲೆಯಲ್ಲಿದ್ದ ಗದಗಿನಲ್ಲಿ ಹುಯಿಲಗೋಳ ನಾರಾಯಣರಾಯರು ವಕೀಲಿ ಮಾಡುತ್ತಲೇ ನಾಡಗೀತ ಬರೆದರು. ಸರ್ ಸಿದ್ದಪ್ಪ ಕಂಬಳಿಯವರು ವಕೀಲಿಯಿಂದ ಮುಂಬಯಿ ಸರಕಾರದ ಮಂತ್ರಿಪದಕ್ಕೆ ಏರಿದರು.

1956ರ ನವೆಂಬರ್ 1ರಂದು ಧಾರವಾಡ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಉಚ್ಚ ನ್ಯಾಯಾಲಯ ಮುಂಬಯಿಯಿಂದ ಬೆಂಗಳೂರಿಗೆ ಹೋಯಿತು. ದಾರಿ ನಾಲ್ಕು ನೂರು ಕಿಲೋಮೀಟರಿಗೂ ಹೆಚ್ಚು. ಒಂದು ಗುಂಟೆಯ ತಂಟೆಗೆ ಅಷ್ಟು ದೂರ ಹೋಗಲಾರದೆ ರಾಜಿಯಾದವರೆಷ್ಟು ಜನರೋ! ಬಹುದಿನದ ಹೋರಾಟದ ಮೇಲೆ 2008ರ ಜುಲೈಯಲ್ಲಿ ಧಾರವಾಡಕ್ಕೆ ಸಂಚಾರಿ ಪೀಠ ಬಂದಿತು; 2013ರ ಅಗಸ್ಟಿನಲ್ಲಿ ಅದು ಖಾಯಂ ಆಯಿತು.

ಅಷ್ಟರಲ್ಲಿ ಊರಿನೊಳಗೂ ಎಷ್ಟೋ ಬದಲಾಗಿತ್ತು. 1951ರಲ್ಲಿ ಕುಲಕರ್ಣಿ ವತನಗಳು ರದ್ದಾಗಿ ದಪ್ತರ ಸರಕಾರದ ಪಗಾರ ಪಡೆಯುವ ತಲಾಟಿಯ ಕೈಗೆ ಬಂದಿತ್ತು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಗೇಣಿ ಹೊಲಗಳನ್ನು ಸರಕಾರಕ್ಕೆ ಸೇರಿಸಿ, ಉಳುವವನಿಗೆ ಅವುಗಳ ಒಡೆತನ ಕೊಡುವದೆಂದು ಸಾರಿತು. ಲಾವಣಿದಾರನು ಏಳನೆಯ ನಮೂನೆಯ ಅರ್ಜಿ ತುಂಬಿ ಭೂನ್ಯಾಯ ಮಂಡಳಿಯ ಮುಂದೆ ಇಡಬೇಕು. ಅದರ ಅವಧಿಯನ್ನು ಮುಂದೆ 1979ರ ಜೂನ್ 30ರವರೆಗೆ ಬೆಳೆಸಲಾಯಿತು. ಈ ಮಂಡಳಿಯ ಮುಂದೆ ವಕೀಲರು ನಿಲ್ಲಕೂಡದೆಂದು ಕಾಯದೆಯಲ್ಲಿಯೇ ಬರೆದಿತ್ತು. ದುಡ್ಡಿದ್ದ ಒಡೆಯನು ದೊಡ್ಡ ವಕೀಲನನ್ನು ತಂದಾನು, ಬಡವನು ಬರಿಗೈಯಲ್ಲಿ ನಿಲ್ಲುವನು ಎಂಬ ಅಂಜಿಕೆ ಅದರ ಹಿಂದಿತ್ತು. ಆದರೆ ವಕೀಲನಿಲ್ಲದಲ್ಲಿ ಬಡವನ ಪರವಾಗಿ ಮಾತಾಡುವವರಾದರೂ ಯಾರು? 1987ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ನಿರ್ಬಂಧವನ್ನು ತೆಗೆದುಹಾಕಿತು. ಎರಡೂ ಪಕ್ಷದಲ್ಲಿ ಸತ್ಯವುಂಟು: ತಿಳಿದವನ ನೆರವು ಬೇಕು, ಅದು ಇಬ್ಬರಿಗೂ ಸಿಗಬೇಕು.

ಹುಬ್ಬಳ್ಳಿ, ಧಾರವಾಡಗಳು 1962ರಲ್ಲಿ ಒಂದೇ ಮಹಾನಗರಪಾಲಿಕೆಯಾದ ಮೇಲೆ ಎರಡರ ನಡುವಿನ ಜೋಳ ಹತ್ತಿಯ ಹೊಲಗಳು ಮೆಲ್ಲಮೆಲ್ಲಗೆ ಪ್ಲಾಟುಗಳಾದವು. ಆಗ ಬಂದವನು ದಲ್ಲಾಳಿ. 'ಬಿನ್‌ಶೇತ್ಕಿ' ಆಯಿತೇ, ನಕಾಶೆ ಮಂಜೂರಾಗಿದೆಯೇ ಎಂಬವು ಪೇಟೆಯ ಮಾತುಗಳಾದವು. ಅವನ ಬಾಯಲ್ಲಿ ಎಲ್ಲ ಪ್ಲಾಟೂ ರಸ್ತೆಯ ಮಗ್ಗುಲಿಗೇ ಇರುವದು! ಈತನ ಕಸಬಿಗೂ ಕಾಯದೆಯ ಕಟ್ಟು ಬಂದಿದೆ: 2016ರ ರೇರಾ ಕಾಯದೆಯ ಪ್ರಕಾರ ನೋಂದಣಿಯಾಗಬೇಕಾದ ಯೋಜನೆಗಳ ಪ್ಲಾಟು, ಫ್ಲ್ಯಾಟುಗಳನ್ನು ಮಾರಿಸುವ ಏಜಂಟನು ತಾನೂ ನೋಂದಣಿ ಮಾಡಿಸಿಕೊಳ್ಳಬೇಕು. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಿಂದ ಉತಾರ ಕಂಪ್ಯೂಟರಿಗೆ ಏರಿತು. 'ಕಾವೇರಿ'ಯಿಂದ ನೋಂದಣಿಯೂ ಏರಿತು. ಕೈಬರಹದ ಬಿಕಲಂ ಹೋಗಿ ಟೈಪಿನ ಹಾಳೆ ಬಂದಿದೆ. 2020ರ ತಿದ್ದುಪಡಿಯ ಮೇಲೆ ಒಕ್ಕಲುತನದವರಲ್ಲದವರೂ ಹೊಲ ಕೊಳ್ಳಬಹುದಾಗಿದೆ. ಆದುದರಿಂದ ಪತ್ರಗಳು ಹೆಚ್ಚಾಗುವವು, ಕಡಿಮೆಯಾಗುವದಿಲ್ಲ.

ಇಷ್ಟೆಲ್ಲ ಬದಲಾದರೂ ಒಂದು ಸಂಗತಿ ಬದಲಾಗಿಲ್ಲ. ನೋಂದಣಿ ಅಧಿಕಾರಿ ನೋಡುವದು ಬರೆದುಕೊಟ್ಟವನು ಇವನೇ ಹೌದೇ, ಬರೆದುಕೊಟ್ಟದ್ದು ಹೌದೆಂದು ಒಪ್ಪುತ್ತಾನೆಯೇ ಎಂಬುದನ್ನು. ಮಾರಿದವನಿಗೆ ಮಾರುವ ಹಕ್ಕು ಇತ್ತೇ ಎಂಬುದನ್ನು ಅವನ ಮುದ್ರೆ ಹೇಳುವದಿಲ್ಲ. ಉತಾರದಲ್ಲಿ ಹೆಸರಿದ್ದರೆ ಅದು ಸರಿಯೆಂದು ಸದ್ಯಕ್ಕೆ ಎಣಿಸುತ್ತಾರೆ. ತಪ್ಪೆಂದು ಸಿದ್ಧವಾದರೆ ಆ ನೋಂದು ಬಿದ್ದುಹೋಗುವದು. ಆದುದರಿಂದ ಹಿಂದಿನ ಕಾಗದಗಳನ್ನು ಒಂದೊಂದಾಗಿ ಓದಿ ನೋಡುವ ವಕೀಲನ ಕಣ್ಣು ಇಂದಿಗೂ ಬೇಕು.

ಇನ್ನೊಂದು ಮಾತು. ಬಳೆಯ ಗುರುತು ಹಾಕಿದ ಆ ಹೆಣ್ಣುಮಗಳನ್ನು ನೆನೆಯಿರಿ. ಹಿರಿಯರ ಆಸ್ತಿಯಲ್ಲಿ ಮಗಳಿಗೆ ಮಗನ ಸಮನಾದ ಪಾಲನ್ನು ಕರ್ನಾಟಕ 1994ರಲ್ಲಿಯೇ ಕೊಟ್ಟಿತು. ಮದುವೆಯಾದವಳು, ಆಗದವಳು ಎಂಬ ಭೇದವಿಲ್ಲದೆ ದೇಶಕ್ಕೆಲ್ಲ ಅದು ಬಂದದ್ದು 2005ರಲ್ಲಿ. ಆದರೆ ಇಂದಿಗೂ ಎಷ್ಟೋ ಮನೆಗಳಲ್ಲಿ ಅಕ್ಕತಂಗಿಯರನ್ನು ತವರಿಗೆ ಕರೆದು, ಸೀರೆ ಉಡಿಸಿ, ಹಕ್ಕುಬಿಟ್ಟ ಪತ್ರದ ಮೇಲೆ ಸಹಿ ಹಾಕಿಸುವದುಂಟು. ಈಗ ಅವರಿಗೆ ಓದಲು ಬರುತ್ತದೆ. ಓದಲು ಕೊಡುವವರು ಬೇಕು. ಬಿಟ್ಟುಕೊಡುವದಾದರೆ ತಿಳಿದು ಬಿಟ್ಟುಕೊಡಲಿ.

ನಮ್ಮ ಪತ್ರಗಳ ಕೊನೆಗೆ ಒಂದು ಸಾಲು ಬರುವದು ವಾಡಿಕೆ: ಈ ಪತ್ರವನ್ನು ಓದಿಸಿ ಕೇಳಿ, ತಿಳಿದು ಸಹಿ ಮಾಡಿದ್ದೇನೆ ಎಂದು. ಬರೆಯುವವನು ಅದನ್ನು ರೂಢಿಯಿಂದ ಬರೆಯುತ್ತಾನೆ, ಸಹಿ ಮಾಡುವವನು ಗಡಿಬಿಡಿಯಲ್ಲಿ ಮಾಡುತ್ತಾನೆ. ನೀವು ಬಾನುಲಿಯ ಶ್ರೋತೃಗಳು. ಕುಳಿತು ಕೇಳುವ ರೂಢಿ ನಿಮಗಿದೆ. ಮುಂದಿನ ಸಲ ಉಪನೋಂದಣಿ ಕಚೇರಿಯ ಮೆಟ್ಟಲು ಹತ್ತಿದಾಗ, ಸಹಿಗೆ ಮೊದಲು, "ಸ್ವಲ್ಪ ಓದಿ ಹೇಳ್ರಿ" ಎಂದು ಕೇಳಿರಿ. ಒಳ್ಳೆಯ ಬರಹಗಾರನು, ಒಳ್ಳೆಯ ವಕೀಲನು ಅದಕ್ಕೆ ಬೇಸರಪಡುವದಿಲ್ಲ. ಬೇಸರಪಟ್ಟವನಿದ್ದರೆ, ಆ ದಿನ ಸಹಿ ಮಾಡದೆ ತಿರುಗಿ ಬರುವದೇ ಮೇಲು.